ಐನೂರು ಕೋಟಿ ಕೊಲೆ, ಒಬ್ಬಳು ಆರೋಪಿ

ಡಿ'ಬಾರಿ ಗ್ರಹದವರನ್ನು ಓದುಗರು ತಮಾಷೆಗೆ ಆಸ್ಪರಾಗಸ್ ಜನ ಎನ್ನುತ್ತಾರೆ. ನೋಡಲು ತರಕಾರಿ ದಂಟಿನ ಹಾಗೇ ಇದ್ದಾರೆ ಪಾಪ. ಕಥೆಯಲ್ಲಿ ಅವರ ಪಾಲಿಗೆ ಬಂದದ್ದು ಬೆರಳೆಣಿಕೆಯ ಚೌಕಗಳು. ಅಷ್ಟರಲ್ಲಿ ಅವರ ಸೂರ್ಯ ಸಿಡಿಯುತ್ತದೆ, ಐನೂರು ಕೋಟಿ ಜೀವಗಳು ಬೂದಿಯಾಗುತ್ತವೆ. 1980ರಲ್ಲಿ ಬಂದ ‘ಎಕ್ಸ್-ಮೆನ್’ ಕಾಮಿಕ್ಸಿನ 135ನೇ ಸಂಚಿಕೆಯಲ್ಲಿ ಆ ನಕ್ಷತ್ರವನ್ನು ನುಂಗಿದವಳು ಎಲ್ಲಿಂದಲೋ ಬಂದ ರಾಕ್ಷಸಿಯಲ್ಲ. 1963ರ ಮೊದಲ ಸಂಚಿಕೆಯಿಂದಲೇ ತಂಡದಲ್ಲಿದ್ದ, ಓದುಗರು ಮನೆಮಗಳ ಹಾಗೆ ಕಂಡ ಜೀನ್ ಗ್ರೇ. ಇನ್ನೆರಡು ಸಂಚಿಕೆ ಕಳೆಯುವಷ್ಟರಲ್ಲಿ ಅವಳೂ ಸತ್ತಳು. ನಲವತ್ತೈದು ವರ್ಷವಾದರೂ ಆ ಸಾವಿನ ಮೊಕದ್ದಮೆ ಇನ್ನೂ ವಜಾ ಆಗಿಲ್ಲ.

ಅವಳು ಮಾಡಿದ್ದು ಕೊಲೆಯೋ, ಮೈಮೇಲೆ ಬಂದದ್ದರ ಕೆಲಸವೋ? ಸತ್ತದ್ದು ಶಿಕ್ಷೆಯೋ, ತ್ಯಾಗವೋ, ಸಂಪಾದಕರ ಹಟವೋ? ಬದುಕಿ ಬಂದವಳು ಅವಳೇನಾ, ಅವಳ ಹೆಸರಿನ ಇನ್ನೊಬ್ಬಳಾ? ಎಕ್ಸ್-ಮೆನ್ ಓದುವ ಇಬ್ಬರು ಎಲ್ಲಾದರೂ ಜೊತೆಯಾದರೆ ಮಾತು ಹತ್ತು ನಿಮಿಷದಲ್ಲಿ ಇಲ್ಲಿಗೇ ಬಂದು ನಿಲ್ಲುತ್ತದೆ. ಇದನ್ನೆಲ್ಲ ಅವರು ಮೊದಲ ಸಲ ಓದುತ್ತಿಲ್ಲ. ಯಾರು ಸಾಯುತ್ತಾರೆ, ಯಾರು ಮರಳಿ ಬರುತ್ತಾರೆ ಎಲ್ಲ ಬಾಯಿಪಾಠ. ತಾಳಮದ್ದಲೆಗೆ ಹೋಗುವವರಿಗೂ ವಾಲಿ ಸಾಯುತ್ತಾನೆ ಅಂತ ಗೊತ್ತಿರುತ್ತದೆ. ಅವರು ಹೋಗುವುದು ಬಾಣ ನೆಟ್ಟುಕೊಂಡ ವಾಲಿಯ ಅರ್ಥಧಾರಿ ಇವತ್ತು ರಾಮನನ್ನು ಯಾವ ಪ್ರಶ್ನೆಯಿಂದ ಕಟ್ಟಿಹಾಕುತ್ತಾನೆ ಅಂತ ಕೇಳಲಿಕ್ಕೆ. ಎಕ್ಸ್-ಮೆನ್ ಮರು ಓದುವವರ ಹಸಿವೂ ಅದೇ ಜಾತಿಯದು.

ಒಂದು ವ್ಯತ್ಯಾಸ ಮಾತ್ರ ದೊಡ್ಡದು. ಇಲ್ಲಿ ಕೇಳುಗರ ವಾದ ಕೆಲವೊಮ್ಮೆ ಕಥೆಯೊಳಗೇ ನುಗ್ಗಿ ಪ್ರಸಂಗವನ್ನೇ ಬದಲಾಯಿಸಿಬಿಟ್ಟಿದೆ. ಹಾಗೆ ಬದಲಾಯಿಸಿದ್ದು ಕಥೆಗೆ ಒಳ್ಳೆಯದಾಯಿತೇ ಎಂಬುದು ನನ್ನ ತಕರಾರು.

ಹಿನ್ನೆಲೆ ಗೊತ್ತಿಲ್ಲದವರಿಗೆ ಎರಡು ಮಾತು. ಸ್ಟ್ಯಾನ್ ಲೀ, ಜಾಕ್ ಕರ್ಬಿ ಸೇರಿ ಮಾರ್ವೆಲ್ ಸಂಸ್ಥೆಗೆ ಎಕ್ಸ್-ಮೆನ್ ಹುಟ್ಟಿಸಿದ್ದು 1963ರಲ್ಲಿ. ಸ್ಪೈಡರ್‌ಮ್ಯಾನ್‌ಗೆ ಶಕ್ತಿ ಬರಬೇಕಾದರೆ ಜೇಡ ಕಚ್ಚಬೇಕಾಯಿತು. ಇವರಿಗೆ ಏನೂ ಆಗಬೇಕಿಲ್ಲ. ಇವರು ಮ್ಯುಟೆಂಟ್‌ಗಳು, ಹುಟ್ಟುವಾಗಲೇ ಬೇರೆ. ಹರೆಯಕ್ಕೆ ಬರುವ ಹೊತ್ತಿಗೆ ಆ ಬೇರೆತನ ಹೊರಬೀಳುತ್ತದೆ, ಲೋಕ ಹೆದರಿ ಹೇಸಿ ದೂರ ಸರಿಯುತ್ತದೆ. ಗಾಲಿಕುರ್ಚಿಯಲ್ಲಿ ಕೂತ ಪ್ರೊಫೆಸರ್ ಕ್ಸೇವಿಯರ್ ಇಂಥ ಮಕ್ಕಳಿಗೊಂದು ಶಾಲೆ ನಡೆಸುತ್ತಾನೆ. ವಸ್ತು ಚೆನ್ನಾಗಿತ್ತು, ಮಾರಾಟ ಆಗಲಿಲ್ಲ. 1970ರಿಂದ ಐದು ವರ್ಷ ಹಳೆಯ ಕಥೆಗಳನ್ನೇ ಮರುಮುದ್ರಿಸಿ ಹೇಗೋ ಉಸಿರು ಹಿಡಿದಿಟ್ಟುಕೊಂಡಿದ್ದ ಪತ್ರಿಕೆ ಅದು.

1975ರಲ್ಲಿ ಲೆನ್ ವೈನ್, ಡೇವ್ ಕಾಕ್ರಮ್ ಸೇರಿ ಹೊಸ ತಂಡ ಕಟ್ಟಿದರು. ಕೆನ್ಯಾದಲ್ಲಿ ದೇವತೆಯಂತೆ ಪೂಜೆಗೊಳ್ಳುತ್ತಿದ್ದ ಸ್ಟಾರ್ಮ್, ಸೋವಿಯತ್ ಹಳ್ಳಿಯ ರೈತನ ಮಗ ಕೊಲೊಸಸ್, ದೆವ್ವದ ರೂಪದ ಜರ್ಮನ್ ಹುಡುಗ ನೈಟ್‌ಕ್ರಾಲರ್, ಕೆನಡಾದ ಮುಂಗೋಪಿ ವುಲ್ವರಿನ್. ಬರೆಯುವ ಕೆಲಸ ಬಹುಬೇಗ ಕ್ರಿಸ್ ಕ್ಲೇರ್ಮಾಂಟ್ ಎಂಬ, ಇಪ್ಪತ್ತೈದರ ಆಸುಪಾಸಿನ ತರುಣನ ಕೈಗೆ ಬಂತು. ಯಾರಿಗೂ ಬೇಡವಾದ ಪತ್ರಿಕೆ, ಹಾಗಾಗಿ ಯಾರೂ ತಡೆಯಲಿಲ್ಲ. ಅವರು ಬಿಟ್ಟುಕೊಟ್ಟದ್ದು 1991ರಲ್ಲಿ, ಹದಿನಾರು ವರ್ಷದ ಮೇಲೆ. ತಿಂಗಳು ತಿಂಗಳು ಬರುವ ಅಮೆರಿಕದ ಸೂಪರ್‌ಹೀರೊ ಕಾಮಿಕ್ಸಿನಲ್ಲಿ ಒಬ್ಬರೇ ಇಷ್ಟು ದೀರ್ಘಕಾಲ ಒಂದು ತಂಡದ ಸಂಸಾರ ನಡೆಸಿದ್ದು ಬಲು ಅಪರೂಪ.

ಕ್ಲೇರ್ಮಾಂಟ್ ಬರವಣಿಗೆಗೆ ಊನಗಳಿವೆ. ಮಾತು ಜಾಸ್ತಿ. ಚಿತ್ರದಲ್ಲಿ ಕಣ್ಣಿಗೆ ಕಾಣುತ್ತಿರುವುದನ್ನೇ ಪಾತ್ರ ಬಾಯಿಬಿಟ್ಟು ಹೇಳುತ್ತದೆ, ಮೇಲೊಂದು ಟಿಪ್ಪಣಿ ಬೇರೆ. ಆದರೆ ಅವರು ಎಳೆಗಳನ್ನು ಬಿಟ್ಟು ಮರೆತ ಹಾಗೆ ನಟಿಸಿ, ವರ್ಷಗಳ ಮೇಲೆ ಎಳೆಯುವವರು. ಮೊದಲ ಓದಿನಲ್ಲಿ ಸುಮ್ಮನೆ ದಾಟಿಹೋದ ಒಂದು ನೋಟ, ಒಂದು ಅರ್ಧಕ್ಕೆ ನಿಂತ ಮಾತು ಎರಡನೇ ಓದಿನಲ್ಲಿ ಬೇರೆಯದೇ ಹೇಳುತ್ತದೆ. ಜಗಳಕ್ಕೆ ಬೇಕಾದ ಸಾಕ್ಷ್ಯಗಳೆಲ್ಲ ಅಲ್ಲೇ ಬಿದ್ದಿರುತ್ತವೆ.

ಈಗ ಜೀನ್ ಕಥೆಗೆ ಬರೋಣ. 1976ರಲ್ಲಿ ಗೆಳೆಯರನ್ನು ಉಳಿಸಲು ವಿಕಿರಣದ ನಡುವೆ ಬಾಹ್ಯಾಕಾಶ ನೌಕೆ ನಡೆಸಿಕೊಂಡು ಬಂದ ಜೀನ್, ನ್ಯೂಯಾರ್ಕಿನ ಜಮೈಕಾ ಕೊಲ್ಲಿಯ ನೀರಿನಿಂದ ‘ಫೀನಿಕ್ಸ್’ ಆಗಿ ಎದ್ದು ಬರುತ್ತಾಳೆ. ಶಕ್ತಿಗೆ ಅಳತೆಯೇ ಇಲ್ಲ. ಚಿತ್ರಕಾರ ಜಾನ್ ಬೈರ್ನ್ ಸೇರಿಕೊಂಡ ಮೇಲೆ ಕಥೆಯ ವೇಗ ಹೆಚ್ಚಿತು. ಮಾಸ್ಟರ್‌ಮೈಂಡ್ ಎಂಬ ಕಪಟಿ ಅವಳ ಮನಸ್ಸಿನೊಳಗೆ ಹೊಕ್ಕು, ಅವಳು ಬೇರೊಂದು ಶತಮಾನದ ಬೇರೊಬ್ಬ ಹೆಂಗಸೆಂದು ನಂಬಿಸುತ್ತಾನೆ. ಅವಳನ್ನು ಬಿಗಿದಿಟ್ಟಿದ್ದ ಅಂಕೆ ಕಳಚುತ್ತದೆ. ಹಸಿವಾದವಳ ಹಾಗೆ ಅವಳು ಆಕಾಶಕ್ಕೆ ಹಾರಿ ಡಿ'ಬಾರಿಗಳ ಸೂರ್ಯನನ್ನು ಉಣ್ಣುತ್ತಾಳೆ.

ನೆರೆಹೊರೆಯ ಗ್ಯಾಲಕ್ಸಿಗಳಿಗೆ ಇದು ಸಹಿಸುವ ಮಾತಲ್ಲ. ಶಿಯಾರ್ ಸಾಮ್ರಾಜ್ಯದ ರಾಣಿ ಲಿಲಾಂಡ್ರಾ ಶಿಕ್ಷೆ ಕೇಳುತ್ತಾಳೆ. ಅವಳು ಕ್ಸೇವಿಯರ್‌ನ ಪ್ರೇಯಸಿಯೂ ಹೌದು. ಅವನು ಸಂಪ್ರದಾಯದ ದ್ವಂದ್ವಯುದ್ಧಕ್ಕೆ ಕರೆ ಕೊಡುತ್ತಾನೆ: ಗೆದ್ದರೆ ಜೀನ್ ನಮ್ಮವಳು, ಸೋತರೆ ನಿಮ್ಮವಳು. ಕಣ, ಚಂದ್ರನ ಮೇಲೆ. ಸೆಪ್ಟೆಂಬರ್ 1980ರ ತಾರೀಕು ಹೊತ್ತ 137ನೇ ಸಂಚಿಕೆಯ ನಿಜವಾದ ಜೀವ ಇರುವುದು ಯುದ್ಧದಲ್ಲಲ್ಲ, ಅದರ ಹಿಂದಿನ ರಾತ್ರಿಯಲ್ಲಿ. ತಂಡದವರು ಒಬ್ಬೊಬ್ಬರಾಗಿ ತಮ್ಮ ತಮ್ಮ ಮೂಲೆಗಳಲ್ಲಿ ಕೂತು ತಮ್ಮೊಳಗೇ ವಾದಿಸುತ್ತಾರೆ. ಇವಳನ್ನು ಕಾಪಾಡುವುದು ಸರಿಯೇ? ಗೆಳತಿ ಅಂತ ಕಾಪಾಡುತ್ತಿದ್ದೇವೋ, ನಿರ್ದೋಷಿ ಅಂತಲೋ? ಮುಂದೆ ಓದುಗರು ದಶಕಗಟ್ಟಲೆ ಆಡಿದ ಮಾತುಗಳ ಬೀಜ ಅಲ್ಲೇ ಬಿದ್ದದ್ದು. ಕಾಮಿಕ್ಸ್ ತಾನೇ ತನ್ನ ಮೇಲೆ ವಿಚಾರಣೆಗೆ ಕೂತ ಪುಟಗಳವು.

ಬರೆದವರ ಮನಸ್ಸಿನಲ್ಲಿದ್ದ ಅಂತ್ಯ ಬೇರೆ. ಶಿಯಾರ್‌ಗಳು ಜೀನ್‌ಳ ಶಕ್ತಿಯನ್ನೆಲ್ಲ ಕಿತ್ತುಹಾಕಿ ಸಾಧಾರಣ ಹೆಂಗಸಾಗಿಸಿ ಮನೆಗೆ ಕಳಿಸುತ್ತಾರೆ. ಪುಟಗಳ ಚಿತ್ರವೂ ಆಗಿತ್ತು. ಪ್ರಧಾನ ಸಂಪಾದಕ ಜಿಮ್ ಶೂಟರ್ ತಡೆದರು. ಐನೂರು ಕೋಟಿ ಜನರನ್ನು ಕೊಂದವಳು ಮನೆಗೆ ಹೋಗಿ ಆರಾಮಾಗಿರುವುದು ಎಂಥ ನ್ಯಾಯ ಎಂಬುದು ಅವರ ವಾದ. ಸೆರೆಮನೆಗೆ ಹಾಕೋಣವೆಂದರೆ ತಂಡದವರು ತಿಂಗಳಿಗೊಮ್ಮೆ ಬಿಡಿಸಲು ಹೋಗುತ್ತಿರಬೇಕು. ಹಾಗಾದರೆ ಸಾಯಿಸಿಬಿಡೋಣ ಎಂಬ ಮಾತು ಬಂತು, ಶೂಟರ್ ಒಪ್ಪಿಬಿಟ್ಟರು. ಕೊನೆಯ ಪುಟಗಳನ್ನು ಹೊಸದಾಗಿ ಬರೆದು ಬಿಡಿಸಿದರು. ಚಂದ್ರನ ಮೇಲಿನ ಪುರಾತನ ಆಯುಧವೊಂದನ್ನು ಮನಸ್ಸಿನಿಂದಲೇ ಎಚ್ಚರಿಸಿ, ತಾನು ಪ್ರೀತಿಸಿದ, ತಂಡದ ನಾಯಕ ಸ್ಕಾಟ್‌ನ ಕಣ್ಣೆದುರೇ ಜೀನ್ ತನ್ನನ್ನು ಸುಟ್ಟುಕೊಂಡಳು.

ಶೂಟರ್ ಬಗ್ಗೆ ಕಾಮಿಕ್ಸ್ ಲೋಕದಲ್ಲಿ ಒಳ್ಳೆಯ ಮಾತಿಗಿಂತ ಬೇರೆ ಮಾತು ಜಾಸ್ತಿ. ಹುಡುಗನಾಗಿದ್ದಾಗಲೇ, ಹದಿನಾಲ್ಕನೇ ವಯಸ್ಸಿಗೇ, ಎದುರಾಳಿ ಡಿ.ಸಿ. ಸಂಸ್ಥೆಯ ‘ಲೀಜನ್ ಆಫ್ ಸೂಪರ್‌ಹೀರೋಸ್’ಗೆ ಕಥೆ ಬರೆದು ಮಾರಿದವರು ಅವರು. ಮಾರ್ವೆಲ್‌ನ ಗದ್ದುಗೆಯಲ್ಲಿ 1987ರವರೆಗೆ ಕೂತಿದ್ದು ಎಷ್ಟೋ ಬರಹಗಾರರ ಸಿಟ್ಟು ಕಟ್ಟಿಕೊಂಡರು. 2025ರಲ್ಲಿ ತೀರಿಕೊಂಡಾಗಲೂ ಶ್ರದ್ಧಾಂಜಲಿಗಳ ನಡುವೆ ಈ 137ನೇ ಸಂಚಿಕೆಯ ಪ್ರಸ್ತಾಪ ಬರದೇ ಇರಲಿಲ್ಲ. ಆದರೆ ಈ ಒಂದು ಸಂದರ್ಭದಲ್ಲಿ ಅವರು ಕೇಳಿದ್ದು ಯಜಮಾನನ ಪ್ರಶ್ನೆಯಲ್ಲ, ಓದುಗನ ಪ್ರಶ್ನೆ. ಆ ತರಕಾರಿ ದಂಟಿನಂಥವರ ಪರವಾಗಿ ಮಾತಾಡಿದವರು ಇಡೀ ಕಚೇರಿಯಲ್ಲಿ ಅವರೊಬ್ಬರೇ ಅನ್ನಬೇಕು. ಮಾರ್ವೆಲ್ 1984ರಲ್ಲಿ ಕೈಬಿಟ್ಟ ಮೂಲ ಅಂತ್ಯವನ್ನೂ ‘ಫೀನಿಕ್ಸ್: ದಿ ಅನ್‌ಟೋಲ್ಡ್ ಸ್ಟೋರಿ’ ಹೆಸರಿನಲ್ಲಿ ಅಚ್ಚು ಹಾಕಿತು, ಜೊತೆಗೆ ಬರೆದವರು, ಬಿಡಿಸಿದವರು, ಸಂಪಾದಕರು ಕೂತು ಆಡಿದ ಮಾತುಕತೆಯನ್ನೂ ಕೊಟ್ಟಿತು. ಎರಡನ್ನೂ ಪಕ್ಕಪಕ್ಕ ಇಟ್ಟು ಓದಿದರೆ ನನಗಂತೂ ಅನುಮಾನ ಉಳಿಯುವುದಿಲ್ಲ. ಮೂಲ ಅಂತ್ಯದಲ್ಲಿ ಜೀನ್‌ಳಿಗೆ ಬೇರೆಯವರು ಏನೋ ಮಾಡುತ್ತಾರೆ. ಅಚ್ಚಾದ ಅಂತ್ಯದಲ್ಲಿ ಅವಳೇ ತೀರ್ಪು ಕೊಟ್ಟುಕೊಳ್ಳುತ್ತಾಳೆ.

ಇದನ್ನು ಒಪ್ಪದವರ ವಾದವೂ ಗಟ್ಟಿಯಾಗಿದೆ. ಅಪರಿಮಿತ ಶಕ್ತಿ ಬಂದ ಹೆಣ್ಣನ್ನು ಹುಚ್ಚು ಹಿಡಿಸಿ ಕೊಲ್ಲುವುದು ಈ ಕಾಮಿಕ್ಸಿನ ಹಳೇ ಚಾಳಿ, ಅದಕ್ಕೆ ತ್ಯಾಗದ ಅರಿಶಿನ ಕುಂಕುಮ ಹಚ್ಚಬೇಡಿ ಎನ್ನುತ್ತಾರೆ ಅವರು. ಮನಸ್ಸು ಕೆಡಿಸಿದವನು ಮಾಸ್ಟರ್‌ಮೈಂಡ್. ಅವನನ್ನು ಆ ಚಂದ್ರನ ನ್ಯಾಯಾಲಯಕ್ಕೆ ಯಾರೂ ಕರೆಯಲೇ ಇಲ್ಲವಲ್ಲ? ಉತ್ತರ ಕೊಡುವುದು ಕಷ್ಟ.

ಮುಂದಿನದು ಇನ್ನೂ ಸ್ವಾರಸ್ಯ. ಜೀನ್ ಸತ್ತ ಮೇಲೆ ಸಂಕಟಪಟ್ಟ ಸಾವಿರಾರು ಅಭಿಮಾನಿಗಳಲ್ಲಿ ಒಬ್ಬ ಕಾಲೇಜು ಹುಡುಗನಿದ್ದ. ಮುಂದೆ ತಾನೇ ದೊಡ್ಡ ಕಾಮಿಕ್ಸ್ ಬರಹಗಾರನಾದ ಕರ್ಟ್ ಬ್ಯೂಸಿಕ್. ಶೂಟರ್ ಒಂದು ಷರತ್ತು ಹಾಕಿದ್ದರು: ಜೀನ್ ಮರಳಬೇಕಾದರೆ ಅವಳು ಆ ಕೊಲೆಗಳಲ್ಲಿ ತಪ್ಪಿತಸ್ಥೆ ಆಗಿರಕೂಡದು. ಬ್ಯೂಸಿಕ್ ಹಳೇ ಸಂಚಿಕೆಗಳನ್ನು ವಕೀಲನ ಹಾಗೆ ಜಾಲಾಡಿ ದಾರಿ ಕಂಡುಕೊಂಡರು. ಜಮೈಕಾ ಕೊಲ್ಲಿಯಿಂದ ಎದ್ದುಬಂದವಳು ಜೀನ್ ಅಲ್ಲವೇ ಅಲ್ಲ. ಫೀನಿಕ್ಸ್ ಎಂಬ ಆಕಾಶಶಕ್ತಿ ಅವಳ ರೂಪವನ್ನೂ ನೆನಪನ್ನೂ ತಾಳಿ ಬಂದಿತ್ತು, ನಿಜವಾದ ಜೀನ್ ಕೊಲ್ಲಿಯ ತಳದಲ್ಲಿ ಒಂದು ಕೋಶದೊಳಗೆ ಮಲಗಿದ್ದಳು. ಈ ಉಪಾಯವನ್ನು ಬ್ಯೂಸಿಕ್ ಬರಹಗಾರ ರೋಜರ್ ಸ್ಟರ್ನ್‌ಗೆ ಹೇಳಿದರು. ಸ್ಟರ್ನ್ ಬೈರ್ನ್‌ಗೆ ಹೇಳಿದರು. 1986ರ ಆರಂಭದ ಸಂಚಿಕೆಗಳಲ್ಲಿ ಅವೆಂಜರ್ಸ್ ತಂಡ ಆ ಕೋಶವನ್ನು ನೀರಿನಿಂದ ಎತ್ತಿತು. 1963ರ ಮೊದಲ ತಂಡದ ಐವರನ್ನು ಕೂಡಿಸಿಕೊಂಡು ‘ಎಕ್ಸ್-ಫ್ಯಾಕ್ಟರ್’ ಎಂಬ ಹೊಸ ಪತ್ರಿಕೆಯೇ ಶುರುವಾಯಿತು. ಓದುಗನೊಬ್ಬ ಹರಟೆಯಲ್ಲಿ ಕಟ್ಟಿದ ವಾದ ಮಾರ್ವೆಲ್‌ನ ಅಧಿಕೃತ ಇತಿಹಾಸವಾಗಿಬಿಟ್ಟಿತು.

ಬುದ್ಧಿಗೆ ಶಹಬ್ಬಾಸ್ ಅನ್ನಬೇಕು. ಆದರೂ ನನ್ನ ಮಟ್ಟಿಗೆ ಕಥೆ ಕೆಟ್ಟದ್ದು ಇಲ್ಲೇ. ಜೀನ್ ನಿರ್ದೋಷಿಯಾದ ಗಳಿಗೆಯಲ್ಲೇ 137ನೇ ಸಂಚಿಕೆಯ ಸಂಕಟವೆಲ್ಲ ಪೊಳ್ಳಾಯಿತು. ಆ ರಾತ್ರಿ ಗೆಳೆಯರು ಕೂತು ತೂಗಿನೋಡಿದ್ದು ಯಾರ ಪಾಪವನ್ನು? ಚಂದ್ರನ ಮೇಲೆ ತೀರ್ಪು ಕೊಟ್ಟುಕೊಂಡು ಸತ್ತದ್ದು ವೇಷ ಹಾಕಿದ ಬೆಂಕಿ ಅಷ್ಟೇ ಆದರೆ ಅದಕ್ಕೆ ನಾವೇಕೆ ಅತ್ತೆವು? ಪ್ರೀತಿಯ ಪಾತ್ರವನ್ನು ಉಳಿಸುವ ಆತುರದಲ್ಲಿ ಅವಳು ಮಾಡಿದ ಒಂದೇ ಒಂದು ಮಹಾ ಕಾರ್ಯವನ್ನು ಅವಳಿಂದ ಕಿತ್ತುಕೊಂಡರು.

ಲೆಕ್ಕ ಅಲ್ಲಿಗೂ ಮುಗಿಯಲಿಲ್ಲ. ಜೀನ್ ಸತ್ತ ಮೇಲೆ ಸ್ಕಾಟ್ 1983ರಲ್ಲಿ ಮ್ಯಾಡಲಿನ್ ಪ್ರಯರ್ ಎಂಬವಳನ್ನು ಮದುವೆಯಾಗಿದ್ದ. ಅಲಾಸ್ಕಾದಲ್ಲಿ ವಿಮಾನ ಓಡಿಸುವವಳು. ಜೀನ್‌ಳ ಪಡಿಯಚ್ಚು. ಜೀನ್ ಸತ್ತ ದಿನವೇ ನಡೆದ ವಿಮಾನ ಅಪಘಾತವೊಂದರಲ್ಲಿ ಬದುಕುಳಿದ ಒಬ್ಬಳೇ ಒಬ್ಬಳು. ಸುಳಿವುಗಳನ್ನು ಹೀಗೆ ಚೆಲ್ಲಿ, ಅವಳು ಜೀನ್ ಅಲ್ಲ, ಬರೀ ಮ್ಯಾಡಲಿನ್ ಅಂತ ಸಾಬೀತು ಮಾಡಿ ಮದುವೆ ಮಾಡಿಸಿದ್ದರು ಕ್ಲೇರ್ಮಾಂಟ್. ಸತ್ತವರು ಸತ್ತೇ ಇರುತ್ತಾರೆ, ಉಳಿದವರು ಬದುಕಬೇಕು ಎಂಬ, ಸೂಪರ್‌ಹೀರೊ ಕಾಮಿಕ್ಸ್ ಸುಲಭಕ್ಕೆ ಹೇಳದ ಮಾತು ಅದು. ಎಕ್ಸ್-ಫ್ಯಾಕ್ಟರ್ ಮೊದಲ ಸಂಚಿಕೆಯಲ್ಲಿ ಜೀನ್ ಬಂದಿದ್ದಾಳೆ ಎಂಬ ಸುದ್ದಿ ಬಂದದ್ದೇ ತಡ, ಸ್ಕಾಟ್ ಹೆಂಡತಿಯನ್ನೂ ಹಸುಗೂಸನ್ನೂ ಬಿಟ್ಟು ಎದ್ದು ನಡೆದ. ಹದಿನಾರರ ಪ್ರಾಯದಿಂದ ಜವಾಬ್ದಾರಿಯ ಮೂರ್ತಿಯಾಗಿದ್ದ ನಾಯಕ! ಇಂದಿಗೂ ಸ್ಕಾಟ್‌ನ ಪರವಾಗಿ ಎಷ್ಟೇ ಮಾತಾಡಿ, ಎದುರಿನವರು ಈ ಒಂದು ಸಂಚಿಕೆಯನ್ನು ಮೇಜಿನ ಮೇಲೆ ಇಡುತ್ತಾರೆ, ಮಾತು ಮುಗಿಯಿತು.

ನಾಯಕನನ್ನು ಈ ಕಳಂಕದಿಂದ ಎತ್ತಬೇಕಲ್ಲ? ಹಾಗಾಗಿ 1988-89ರ ‘ಇನ್‌ಫರ್ನೊ’ ಕಥಾಸರಣಿಯಲ್ಲಿ ಮ್ಯಾಡಲಿನ್ ಯಾರೋ ದುಷ್ಟ ವಿಜ್ಞಾನಿ ಜೀನ್‌ಳ ಜೀವಕಣದಿಂದ ಮಾಡಿದ ತದ್ರೂಪಿ ಅಂತಾಯಿತು. ಅವಳು ಪಿಶಾಚಿಗಳ ಜೊತೆ ಸೇರಿದಳು, ಸ್ವಂತ ಮಗುವನ್ನೇ ಬಲಿಕೊಡಲು ಹೊರಟಳು, ಸತ್ತಳು. ಒಬ್ಬಳ ಕೈ ತೊಳೆಯುವುದಕ್ಕೆ ಇನ್ನೊಬ್ಬಳ ಕೈಗೆ ರಕ್ತ ಹಚ್ಚಿದರು. ಈಗಿನ ಓದುಗರು, ಮುಖ್ಯವಾಗಿ ಹೆಣ್ಣುಮಕ್ಕಳು, ಈ ಕಂತುಗಳನ್ನು ಓದುವಾಗ ಜೀನ್‌ಗಿಂತ ಮ್ಯಾಡಲಿನ್ ಪರ ನಿಲ್ಲುವುದನ್ನು ನೋಡಿದ್ದೇನೆ. ನನ್ನ ಓಟೂ ಅವಳಿಗೇ.

ಕ್ಲೇರ್ಮಾಂಟ್‌ಗೆ ಜೀನ್‌ಳ ಪುನರಾಗಮನ ಒಪ್ಪಿಗೆಯಿರಲಿಲ್ಲ. ಆದರೆ ಅವರೂ ಸುಮ್ಮನಿರಲಿಲ್ಲ. 1986ರಲ್ಲಿ ಹಳೇ ಸಂಚಿಕೆಗಳನ್ನು ‘ಕ್ಲಾಸಿಕ್ ಎಕ್ಸ್-ಮೆನ್’ ಎಂದು ಮರುಮುದ್ರಿಸುವಾಗ ನಡುನಡುವೆ ಹೊಸ ಪುಟ ಸೇರಿಸಿದರು, ಹಿಂಬದಿಗೆ ಜಾನ್ ಬೋಲ್ಟನ್ ಚಿತ್ರಿಸಿದ ಹೊಸ ಕಥೆಗಳನ್ನಿಟ್ಟರು. ಹತ್ತು ವರ್ಷದ ಹಿಂದೆ ನೌಕೆಯೊಳಗೆ ಫೀನಿಕ್ಸ್‌ಗೂ ಜೀನ್‌ಗೂ ನಡೆದ ಮಾತುಕತೆ ಈಗ ಹೊಸದಾಗಿ ಹುಟ್ಟಿಕೊಂಡಿತು. ಹಾಗಾಗಿ ಮರು ಓದುವವರ ಮೊದಲ ತಗಾದೆಯೇ ಯಾವ ಪಾಠ ಓದಬೇಕು ಎಂಬುದು. 1976ರದನ್ನೇ ಓದಿ, ಆಮೇಲೆ ಸೇರಿಸಿದ್ದೆಲ್ಲ ಪ್ರಕ್ಷಿಪ್ತ ಎನ್ನುವ ಶುದ್ಧವಾದಿಗಳಿದ್ದಾರೆ. ಬರೆದವನೇ ತಿದ್ದಿದ್ದು ಪ್ರಕ್ಷಿಪ್ತ ಹೇಗಾಗುತ್ತದೆ ಎನ್ನುವವರೂ ಇದ್ದಾರೆ. ಬೋಲ್ಟನ್ ಚಿತ್ರಗಳ ಆಸೆಗೆ ನಾನು ಎರಡನೇ ಗುಂಪಿನ ಕಡೆ ವಾಲುತ್ತೇನೆ, ತರ್ಕಕ್ಕಲ್ಲ.

ಇನ್ನೊಂದು ದೊಡ್ಡ ಮೊಕದ್ದಮೆ ಮ್ಯಾಗ್ನೆಟೋದು. 1963ರಲ್ಲಿ ಅವನು ಬರೀ ಖಳ. 1964ರಲ್ಲಿ ಕಟ್ಟಿಕೊಂಡ ತನ್ನ ಸಂಘದ ಹೆಸರಿನಲ್ಲೇ ‘ದುಷ್ಟ’ ಎಂಬ ವಿಶೇಷಣ ಸೇರಿಸಿಕೊಂಡವನು, ಅಷ್ಟು ಸರಳ. ಕ್ಸೇವಿಯರ್ ಅಂದರೆ ಮಾರ್ಟಿನ್ ಲೂಥರ್ ಕಿಂಗ್, ಮ್ಯಾಗ್ನೆಟೋ ಅಂದರೆ ಮಾಲ್ಕಮ್ ಎಕ್ಸ್ ಎಂದು ಈಗ ಎಲ್ಲರೂ ಸಲೀಸಾಗಿ ಹೇಳುತ್ತಾರೆ. ಆ ಹಳೇ ಸಂಚಿಕೆಗಳನ್ನು ನಿಜಕ್ಕೂ ತೆರೆದು ಓದಿದವರಿಗೆ ಅಲ್ಲಿ ಅಂಥದ್ದೇನೂ ಸಿಗುವುದಿಲ್ಲ. ಆ ತೂಕ ಬಂದದ್ದು ಕ್ಲೇರ್ಮಾಂಟ್‌ರಿಂದ. ಅವರ ಮನಸ್ಸಿನಲ್ಲಿದ್ದ ಮಾದರಿಯೂ ಅಮೆರಿಕದ್ದಲ್ಲ. ತಾರುಣ್ಯದಲ್ಲಿ ಇಸ್ರೇಲಿನ ಕಿಬುಟ್ಸ್ ಒಂದರಲ್ಲಿ ಇದ್ದು ಬಂದವರು ಅವರು. ನಾಜಿ ಶಿಬಿರಗಳಿಂದ ಬದುಕಿ ಬಂದವರನ್ನು ಕಂಡಿದ್ದರು. ಬಂದೂಕು ಹಿಡಿದ ದಾರಿಯಿಂದ ನೊಬೆಲ್ ಶಾಂತಿ ಪ್ರಶಸ್ತಿಯವರೆಗೆ ನಡೆದ ಮೆನಾಕೆಮ್ ಬೆಗಿನ್ ಮಾದರಿ ಎಂದು ಅವರೇ ಹೇಳಿಕೊಂಡಿದ್ದಾರೆ.

1981ರ 150ನೇ ಸಂಚಿಕೆ. ಮ್ಯಾಗ್ನೆಟೋ ಸೋವಿಯತ್ ಜಲಾಂತರ್ಗಾಮಿಯೊಂದನ್ನು ಅದರೊಳಗಿನ ಸಿಬ್ಬಂದಿಯ ಸಮೇತ ಮುಳುಗಿಸಿದ್ದಾನೆ. ಕಾಳಗದಲ್ಲಿ ತಂಡದ ಚಿಕ್ಕ ಹುಡುಗಿ ಕಿಟ್ಟಿ ಪ್ರೈಡ್ ಅವನ ಕೈಯಿಂದ ಏಟು ತಿಂದು ಬೀಳುತ್ತಾಳೆ. ಸತ್ತೇಹೋದಳೆಂದು ತಿಳಿದವನಿಗೆ ಅವಳೊಂದು ಮಗು ಎಂಬುದು ಆಗ ಕಾಣಿಸುತ್ತದೆ. ಔಶ್ವಿಟ್ಸ್‌ನಲ್ಲಿ ಬೆಳೆದವನು ಯಾರ ಹಾಗೆ ಆಗಿಬಿಟ್ಟೆ ಅಂತ ಕುಸಿದುಹೋಗುತ್ತಾನೆ. ನಾಲ್ಕು ವರ್ಷದ ಮೇಲೆ, 200ನೇ ಸಂಚಿಕೆಯಲ್ಲಿ, ಪ್ಯಾರಿಸ್‌ನಲ್ಲಿ ಅವನ ವಿಚಾರಣೆ. ಇಲ್ಲೊಂದು ಕಾಮಿಕ್ಸ್ ಮಾತ್ರ ಕೊಡಬಲ್ಲ ಕಾನೂನು ತೊಡಕಿದೆ. ಹಿಂದೊಮ್ಮೆ ಬೇರೆ ಯಾವುದೋ ಕಥೆಯಲ್ಲಿ ಮ್ಯಾಗ್ನೆಟೋ ಹಸುಗೂಸಾಗಿ, ಆಮೇಲೆ ಮತ್ತೆ ದೊಡ್ಡವನಾಗಿದ್ದ. ಹಾಗಾಗಿ ಕೂಸಾಗುವ ಮುಂಚಿನ ಅಪರಾಧಗಳು ಈಗಿನ ಇವನಿಗೆ ತಗಲುವುದಿಲ್ಲ ಎಂದು ನ್ಯಾಯಾಲಯ ಒಪ್ಪುತ್ತದೆ! ತೀರ್ಪಂತೂ ಬರಲೇ ಇಲ್ಲ. ನಡುವೆ ದಾಳಿಯಾಗಿ, ಸಾಯುವ ಸ್ಥಿತಿಯಲ್ಲಿದ್ದ ಕ್ಸೇವಿಯರ್ ತನ್ನ ಶಾಲೆಯನ್ನು ಇದೇ ಹಳೇ ವೈರಿಯ ಕೈಗೆ ಒಪ್ಪಿಸಿ ಹೋಗುತ್ತಾನೆ.

ತೀರ್ಪು ಬಾರದ್ದೇ ಒಳ್ಳೆಯದಾಯಿತು. ಜೀನ್ ವಿಷಯದಲ್ಲಿ ಮಾಡಿದ ಹಾಗೆ ಇಲ್ಲಿ ಯಾರೂ ಅವನ ಪಾಪವನ್ನು ಬೇರೊಬ್ಬರ ತಲೆಗೆ ಕಟ್ಟಲಿಲ್ಲ. ಮಾಡಿದ್ದು ಅವನೇ, ನೊಂದದ್ದೂ ಅವನೇ. ಗ್ರಾಂಟ್ ಮಾರಿಸನ್ 2003ರಲ್ಲಿ ಬರೆದ ಕಥೆಯೊಂದರಲ್ಲಿ ತಂಟೆಕೋರ ವಿದ್ಯಾರ್ಥಿಯೊಬ್ಬ ‘ಮ್ಯಾಗ್ನೆಟೋ ಹೇಳಿದ್ದೇ ಸರಿ’ ಎಂಬ ಟೀ ಶರ್ಟ್ ಹಾಕಿಕೊಂಡು ಬರುತ್ತಾನೆ. ಬರೆದವರಿಗೆ ಅದು ಹರೆಯದ ಹುಡುಗನ ಪೋಸು. ಓದುಗರು ಅದನ್ನು ನಿಜವಾಗಿ ಹೊಲಿಸಿ ಹಾಕಿಕೊಂಡರು. 2024ರ ‘ಎಕ್ಸ್-ಮೆನ್ ’97’ ಅನಿಮೇಷನ್ ಸರಣಿಯಲ್ಲಿ ಸರ್ಕಾರದ ಅಧಿಕಾರಿಯೊಬ್ಬಳ ಬಾಯಲ್ಲೇ ಆ ಮಾತು ಬಂತು, ಈ ಸಲ ಯಾವ ವ್ಯಂಗ್ಯವೂ ಇಲ್ಲದೆ.

ಹುಟ್ಟನ್ನು ಕಾರಣವಾಗಿಟ್ಟು ದೂರ ಇಡುವ ಕಥೆ ಎಂದರೆ ನಮ್ಮ ಕಡೆಯ ಓದುಗರಿಗೆ ಟಿಪ್ಪಣಿ ಬೇಕಿಲ್ಲ. ಇಂದ್ರಜಾಲ ಕಾಮಿಕ್ಸ್ ಫ್ಯಾಂಟಮ್‌ನನ್ನೂ ಮಾಂಡ್ರೇಕ್‌ನನ್ನೂ ಕನ್ನಡಕ್ಕೆ ತಂದಿತ್ತು. ಎಕ್ಸ್-ಮೆನ್ ಅನ್ನು ಇಲ್ಲಿನವರು ಓದಿದ್ದು ಇಂಗ್ಲಿಷಿನಲ್ಲೇ, ಬೆಂಗಳೂರಿನ ಚರ್ಚ್ ಸ್ಟ್ರೀಟಿನ ಹಳೇ ಪುಸ್ತಕದಂಗಡಿಗಳಲ್ಲಿ ಹೆಕ್ಕಿಕೊಂಡು. ಹಾಗೆ ಓದಿದವರ ಮನಸ್ಸು ಜಾತಿಯ ಕಡೆ ಹೋಗುವುದು ಸಹಜ. ಆದರೆ ಸ್ವಲ್ಪ ದೂರ ಹೋದ ಮೇಲೆ ಈ ರೂಪಕ ಎಡವುತ್ತದೆ. ಸ್ಕಾಟ್ ಕನ್ನಡಕ ತೆಗೆದರೆ ಅವನ ಕಣ್ಣಿನ ಕಿರಣಕ್ಕೆ ಎದುರಿನ ಕಟ್ಟಡ ಬೀಳುತ್ತದೆ, ಅವನನ್ನು ಕಂಡು ಹೆದರುವವರ ಭಯಕ್ಕೆ ಆಧಾರವಿದೆ. ಅಸ್ಪೃಶ್ಯತೆಗೆ ಅಂಥ ಯಾವ ಆಧಾರವೂ ಇಲ್ಲ. ಯಾರ ದುಡಿಮೆಯ ಮೇಲೆ ಊರು ನಿಂತಿದೆಯೋ ಅವರನ್ನೇ ಊರಾಚೆ ಇಟ್ಟದ್ದು ಅದು. ಅಮೆರಿಕದ ಕಪ್ಪು ಓದುಗರೂ ಬಹಳ ಹಿಂದಿನಿಂದ ಇದನ್ನೇ ಬೇರೆ ಮಾತಿನಲ್ಲಿ ಹೇಳುತ್ತ ಬಂದಿದ್ದಾರೆ: ದಮನಿತರ ಕಥೆ ಅನ್ನುತ್ತೀರಿ, ಮುಂದೆ ನಿಂತವರಲ್ಲಿ ಹೆಚ್ಚಿನವರು ಚೆಲುವಾದ ಬಿಳಿಯರು.

1982ರ ‘ಗಾಡ್ ಲವ್ಸ್, ಮ್ಯಾನ್ ಕಿಲ್ಸ್’ ಈ ಜಗಳಕ್ಕೆ ಒಳ್ಳೆಯ ಪರೀಕ್ಷೆ. ಬ್ರೆಂಟ್ ಆಂಡರ್ಸನ್ ಚಿತ್ರಿಸಿದ ಈ ಪುಸ್ತಕ ಶುರುವಾಗುವುದೇ ಮ್ಯುಟೆಂಟ್‌ಗಳೆಂಬ ಕಾರಣಕ್ಕೆ ರಾತ್ರಿ ಇಬ್ಬರು ಕಪ್ಪು ಮಕ್ಕಳ ಕೊಲೆಯಾಗುವುದರಿಂದ. ಖಳನಾಯಕನಿಗೆ ಯಾವ ಮಾಯಾಶಕ್ತಿಯೂ ಇಲ್ಲ, ಅವನೊಬ್ಬ ಟಿ.ವಿ. ಧರ್ಮಪ್ರಚಾರಕ. ಇವತ್ತು ಓದಿದರೂ ಬೆನ್ನು ತಣ್ಣಗಾಗುತ್ತದೆ. ಅದೇ ಪುಸ್ತಕದಲ್ಲಿ ಕಿಟ್ಟಿ ತನ್ನ ಕಪ್ಪು ನೃತ್ಯಶಿಕ್ಷಕಿಯ ಜೊತೆ ವಾದಕ್ಕಿಳಿದು, ಕರಿಯರನ್ನು ಹೀನಾಯವಾಗಿ ಬಯ್ಯುವ ಪದವನ್ನೇ ಅವಳ ಮುಖಕ್ಕೆ ಎಸೆಯುತ್ತಾಳೆ. ನಿನಗೆ ಹೀಗಂದಿದ್ದರೆ ಸುಮ್ಮನಿರುತ್ತಿದ್ದೆಯಾ ಎಂಬ ಅರ್ಥದಲ್ಲಿ. ಆಗ ಅದು ದಿಟ್ಟತನ ಅನ್ನಿಸಿಕೊಂಡಿತ್ತು. ಈಗ ಮರು ಓದುವವರಲ್ಲಿ ಬಹುಪಾಲು ಜನ ಆ ಪುಟದಲ್ಲಿ ಮುಖ ಕಿವುಚುತ್ತಾರೆ. ನನಗೂ ಆ ಮಾತು ಶಿಕ್ಷಕಿಯ 'ನೋವನ್ನು ಎರವಲು ಪಡೆದು' ಕಿಟ್ಟಿಯ ನೋವನ್ನು ದೊಡ್ಡದು ಮಾಡಿದ ಹಾಗೆ ಕಾಣುತ್ತದೆ. ಕ್ಲೇರ್ಮಾಂಟ್ 2000ದಲ್ಲಿ ಮರಳಿ ಬಂದಾಗ ಭಾರತದ ಎರಡು ಪಾತ್ರಗಳನ್ನೂ ತಂದರು, ಕೋಲ್ಕತ್ತದ ನೀಲ್ ಶಾರಾ ಮತ್ತು ಕರೀಮಾ. ಅವರ ಬಗ್ಗೆ ಜಗಳವಾಡುವಷ್ಟು ಸರಕು ಆ ಪುಟಗಳಲ್ಲಿಲ್ಲ.

ಓದುಗರ ವಾದದಿಂದ ಕಥೆಗೆ ಒಳ್ಳೆಯದೂ ಆಗಿದೆ, ಇಲ್ಲವೆನ್ನಲಾರೆ. 1980ರ ‘ಅವೆಂಜರ್ಸ್’ 200ನೇ ಸಂಚಿಕೆಯಲ್ಲಿ ಮಿಸ್ ಮಾರ್ವೆಲ್ ಕರೋಲ್ ಡ್ಯಾನ್ವರ್ಸ್‌ಳ ಮನಸ್ಸನ್ನು ಯಂತ್ರದಿಂದ ಬದಲಾಯಿಸಿ ಗರ್ಭಿಣಿ ಮಾಡಿದವನ ಜೊತೆಗೇ ಅವಳನ್ನು ಕಳಿಸಿಕೊಟ್ಟು, ಗೆಳೆಯರೆಲ್ಲ ಸುಖವಾಗಿರು ಎಂದು ಹರಸಿದ್ದರು. ಇದು ಅತ್ಯಾಚಾರವಲ್ಲದೆ ಮತ್ತೇನು ಎಂದು ಕರೋಲ್ ಸ್ಟ್ರಿಕ್‌ಲ್ಯಾಂಡ್ ಎಂಬ ಓದುಗರು ಅಭಿಮಾನಿ ಪತ್ರಿಕೆಯೊಂದರಲ್ಲಿ ನೇರವಾಗಿ ಬರೆದರು. ಮರುವರ್ಷ ಅವೆಂಜರ್ಸ್ ವಾರ್ಷಿಕ ಸಂಚಿಕೆ ಬರೆಯುವ ಅವಕಾಶ ಸಿಕ್ಕಾಗ ಕ್ಲೇರ್ಮಾಂಟ್ ಕರೋಲ್‌ಳನ್ನು ಮರಳಿ ತಂದು, ಆ ಗೆಳೆಯರೆದುರು ನಿಲ್ಲಿಸಿ, ನೀವು ನನ್ನನ್ನು ಬಿಟ್ಟುಕೊಟ್ಟಿರಿ ಎಂದು ಅವಳ ಬಾಯಿಂದಲೇ ಹೇಳಿಸಿದರು. ಹಿಂದೆ ಆದದ್ದನ್ನು ಅಳಿಸಲಿಲ್ಲ. ಲೆಕ್ಕ ಕೇಳಿದರು, ಅಷ್ಟೆ.

ಮಿಸ್ಟಿಕ್ ಮತ್ತು ಡೆಸ್ಟಿನಿ ಎಂಬ ಇಬ್ಬರು ಹೆಂಗಸರದು ಇನ್ನೊಂದು ಬಗೆ. ಅವರು ದಂಪತಿಗಳೆಂದು, ನೈಟ್‌ಕ್ರಾಲರ್ ಅವರದೇ ಮಗನೆಂದು ಕ್ಲೇರ್ಮಾಂಟ್ ಎಣಿಸಿದ್ದರು. ಆ ಕಾಲದಲ್ಲಿ ಅದನ್ನು ಅಚ್ಚು ಹಾಕುವಂತಿರಲಿಲ್ಲ. ಓದುಗರು ಸಾಲುಗಳ ನಡುವೆ ಓದಿ ಸಾಕ್ಷ್ಯ ಕೂಡಿಸಿದರು, ಇಲ್ಲದ್ದನ್ನು ಕಾಣುತ್ತೀರಿ ಅಂತ ಬೈಸಿಕೊಂಡರು. 2023ರಲ್ಲಿ ಸೈ ಸ್ಪರಿಯರ್ ಬರೆದ ಸಂಚಿಕೆಯೊಂದು ಅದನ್ನೇ ಅಧಿಕೃತ ಮಾಡಿತು, ರೂಪ ಬದಲಿಸಬಲ್ಲ ಮಿಸ್ಟಿಕ್ ತಂದೆ, ಡೆಸ್ಟಿನಿ ತಾಯಿ. ನಲವತ್ತು ವರ್ಷ ವಾದಿಸಿ ಗೆದ್ದವರ ಸಂಭ್ರಮ ನೋಡುವ ಹಾಗಿತ್ತು. ಇಷ್ಟು ತಡವಾಗಿ ಬಂದದ್ದು ಹಳೇ ಪುಟಗಳಿಗೂ ಅನ್ವಯವಾಗುತ್ತದೆಯೇ ಎಂಬ ಹೊಸ ಜಗಳವೂ ಅಂದೇ ಶುರುವಾಯಿತು.

ಕ್ಲೇರ್ಮಾಂಟ್ 1991ರಲ್ಲಿ ಹೊರಟಾಗ ಅವರೂ ಜಿಮ್ ಲೀ ಸೇರಿ ಮಾಡಿದ ಹೊಸ ‘ಎಕ್ಸ್-ಮೆನ್’ ಮೊದಲ ಸಂಚಿಕೆ 80 ಲಕ್ಷಕ್ಕೂ ಹೆಚ್ಚು ಪ್ರತಿ ಹೋಯಿತು. ಒಂದೇ ಸಂಚಿಕೆಗೆ ಐದು ಬಗೆಯ ಮುಖಪುಟ. ಐದನ್ನೂ ಕೊಂಡು, ಮುಂದೊಂದು ದಿನ ಬೆಲೆ ಬರುತ್ತದೆಂದು ಪ್ಲಾಸ್ಟಿಕ್ ಹೊದಿಸಿಟ್ಟವರು ಬಹಳ. ಅವರ ಬಗ್ಗೆ ಹೇಳಲು ನನ್ನಲ್ಲಿ ಹೆಚ್ಚೇನಿಲ್ಲ. ಓದಿದವರೇ ಉಳಿದದ್ದು. 2014ರಲ್ಲಿ ಜೇ ಎಡಿಡಿನ್, ಮೈಲ್ಸ್ ಸ್ಟೋಕ್ಸ್ ಎಂಬಿಬ್ಬರು ಈ ಸರಣಿಯನ್ನು ಮೊದಲ ಸಂಚಿಕೆಯಿಂದ ಓದುತ್ತ ವಿವರಿಸುವ ಪಾಡ್‌ಕಾಸ್ಟ್ ತೆಗೆದರು. 1980ರಲ್ಲಿ ಹುಟ್ಟಿಯೇ ಇರದ ಎಷ್ಟೋ ಜನ ಆ ದನಿಗಳನ್ನು ಕೇಳಿಕೊಂಡೇ 137ನೇ ಸಂಚಿಕೆಗೆ ಬಂದು ತಲುಪಿದ್ದಾರೆ.

ಮ್ಯಾಡಲಿನ್ ಕೂಡ ಮರಳಿ ಬಂದಿದ್ದಾಳೆ. 2022ರ ಹೊತ್ತಿಗೆ ಪಿಶಾಚಿಗಳ ಲೋಕವಾದ ‘ಲಿಂಬೊ’ಗೆ ಅವಳೇ ಒಡತಿಯಾದಳು. ಅದರ ಬೆನ್ನಿಗೇ ಬಂದ ‘ಡಾರ್ಕ್ ವೆಬ್’ ಕಥೆಯಲ್ಲಿ ಅವಳು ಕೇಳಿದ್ದು ರಾಜ್ಯವಲ್ಲ. ತನ್ನಿಂದ ಕಿತ್ತುಕೊಂಡ ಮಗನ ಬಾಲ್ಯ. ಕೊನೆಗೆ ಜೀನ್ ಆ ಮಗನನ್ನು ತಾನು ಬೆಳೆಸಿದ ನೆನಪುಗಳನ್ನು ತನ್ನ ಮನಸ್ಸಿನಿಂದ ಮ್ಯಾಡಲಿನ್‌ಗೆ ಹಂಚಿ ಕೊಡುತ್ತಾಳೆ. ಇದು ಪರಿಹಾರವೇ ಎಂದು ಈಗ ಜಗಳ. ತಡವಾದರೂ ಇಬ್ಬರು ಹೆಂಗಸರು ತಮ್ಮ ನಡುವೆಯೇ ಬಗೆಹರಿಸಿಕೊಂಡರು, ಅದೇ ದೊಡ್ಡದು ಎನ್ನುತ್ತಾರೆ ಕೆಲವರು. ಬೇರೆಯವಳು ತುತ್ತು ತಿನ್ನಿಸಿದ ನೆನಪು ಇಟ್ಟುಕೊಂಡು ತಾಯಿ ಏನು ಮಾಡಬೇಕು ಎನ್ನುತ್ತಾರೆ ಇನ್ನು ಕೆಲವರು. ಹಸುಗೂಸನ್ನು ಬಿಟ್ಟು ಎದ್ದುಹೋದ ಸ್ಕಾಟ್ ಈ ಒಪ್ಪಂದಕ್ಕೆ ಏನು ಕೊಟ್ಟ ಎಂದು ಯಾರಾದರೂ ಕೇಳಿದರೆ ಮಾತ್ರ ಎರಡೂ ಕಡೆಯವರು ಒಂದಾಗುತ್ತಾರೆ.